ವರ್ಕ್‌ಫ್ಲೋ ಆಟೊಮೇಷನ್: ಪ್ರಾಜೆಕ್ಟ್, ಫೋಲ್ಡರ್ ಮತ್ತು ಸಾಮಗ್ರಿ ನಿರ್ವಹಣೆ

ಮತ್ತೆ ಮತ್ತೆ ಒಂದೇ ರೀತಿ ಮಾಡಬೇಕಾದ ಕಚೇರಿ ಕೆಲಸಗಳನ್ನು ತಂತ್ರಾಂಶಕ್ಕೆ ವಹಿಸಿ, ಹಂತ ಹಂತವಾಗಿ ತಾನಾಗಿಯೇ ನಡೆಯುವಂತೆ ಮಾಡುವುದು ವರ್ಕ್‌ಫ್ಲೋ ಆಟೊಮೇಷನ್. ಬಂದ ಇನ್‌ವಾಯ್ಸ್ ಓದಿ ಲೆಕ್ಕಕ್ಕೆ ಹತ್ತಿಸುವುದು, ಹೊಸ ನೌಕರರಿಗೆ ಇಮೇಲ್ ಖಾತೆ ತೆರೆಯುವುದು, ರಾತ್ರಿ ಡೇಟಾಬೇಸ್ ಬ್ಯಾಕಪ್ ತೆಗೆಯುವುದು ಇದರ ಸಾಮಾನ್ಯ ಉದಾಹರಣೆಗಳು. ಹೀಗೆ ಕಟ್ಟಿದ ಹಂತಗಳ ಸರಣಿಗೆ ಜ್ಯಾಪಿಯರ್‌ನಲ್ಲಿ ಜ್ಯಾಪ್, ವರ್ಕಾಟೊದಲ್ಲಿ ರೆಸಿಪಿ, ಮೇಕ್‌ನಲ್ಲಿ ಸಿನಾರಿಯೊ, ಮೈಕ್ರೊಸಾಫ್ಟ್‌ನ ಪವರ್ ಆಟೊಮೇಟ್‌ನಲ್ಲಿ ಫ್ಲೋ, ಅಪಾಚೆ ಏರ್‌ಫ್ಲೋದಲ್ಲಿ ಡ್ಯಾಗ್ ಎಂದು ಹೆಸರು. ಹೆಸರು ಯಾವುದಾದರೂ ಅದು ಒಂಟಿಯಾಗಿ ಓಡುವುದಿಲ್ಲ. ಬೇರೆ ತಂತ್ರಾಂಶದೊಳಗೆ ಲಾಗಿನ್ ಆಗಲು ಕನೆಕ್ಷನ್ ಬೇಕು, ಪಾಸ್‌ವರ್ಡ್ ಇಲ್ಲವೇ ಟೋಕನ್ ಬೇಕು, ಬೆಲೆಪಟ್ಟಿಯಂಥ ಕೋಷ್ಟಕ ಬೇಕು, ಕೆಲಸಗಳು ಸಾಲುಗಟ್ಟಿ ಕಾಯುವ ಕ್ಯೂ ಬೇಕು, ಇಷ್ಟು ಗಂಟೆಗೆ ಓಡು ಎಂದು ಹೇಳುವ ಟ್ರಿಗರ್ ಬೇಕು. ಇವೆಲ್ಲವನ್ನೂ ಸೇರಿಸಿ ಆಟೊಮೇಷನ್ ಸಾಮಗ್ರಿ ಎನ್ನಬಹುದು. ಇವನ್ನು ಪ್ರಾಜೆಕ್ಟ್ ಮತ್ತು ಫೋಲ್ಡರ್‌ಗಳಲ್ಲಿ ಜೋಡಿಸುವ, ಕಾಯುವ, ಸಾಗಿಸುವ, ಕೊನೆಗೆ ತೆಗೆದುಹಾಕುವ ರೀತಿನೀತಿಗಳೇ ಈ ಲೇಖನದ ವಿಷಯ.

ಫೋಲ್ಡರ್ ಮಾಡುವ ಕೆಲಸ

ಫೋಲ್ಡರ್ ಎಂದೊಡನೆ, ಹುಡುಕಲು ಸುಲಭವಾಗಲಿ ಎಂದು ಮಾಡಿಟ್ಟ ವಿಂಗಡಣೆ ಎನಿಸುತ್ತದೆ. ಆಟೊಮೇಷನ್‌ನಲ್ಲಿ ಅದು ಫೋಲ್ಡರಿನ ತೀರ ಚಿಕ್ಕ ಕೆಲಸ. ಹುಡುಕಲು ಸರ್ಚ್ ಇದ್ದೇ ಇದೆ. ಯಾರು ಏನನ್ನು ನೋಡಬಹುದು, ಯಾರು ತಿದ್ದಬಹುದು, ಯಾವ ವರ್ಕ್‌ಫ್ಲೋ ಯಾವ ಪಾಸ್‌ವರ್ಡನ್ನು ಮುಟ್ಟಬಹುದು ಎಂಬ ಅಧಿಕಾರದ ಗಡಿಯನ್ನು ಎಳೆಯುವುದು ಅದರ ದೊಡ್ಡ ಕೆಲಸ. ಇನ್ನೊಂದು ಸಾಗಣೆ: ಪರೀಕ್ಷೆಯ ಜಾಗದಲ್ಲಿ ಕಟ್ಟಿದ್ದನ್ನು ನಿಜವಾದ ಬಳಕೆಯ ಜಾಗಕ್ಕೆ ಒಯ್ಯುವಾಗ ಯಾವ ಯಾವ ವಸ್ತುಗಳು ಒಟ್ಟಿಗೆ ಹೋಗಬೇಕು ಎಂದು ತೀರ್ಮಾನಿಸುವುದು.

ತೊಡಕು ಇರುವುದು ಇಲ್ಲೇ. ಕೆಲವು ವೇದಿಕೆಗಳಲ್ಲಿ ಈ ಮೂರೂ ಕೆಲಸವನ್ನು ಒಂದೇ ಡಬ್ಬಿ ಮಾಡುತ್ತದೆ. ಕೆಲವಲ್ಲಿ ಫೋಲ್ಡರ್ ಬರೀ ಕಣ್ಣಿಗೆ ಚಂದ, ಅಧಿಕಾರ ಪ್ರಾಜೆಕ್ಟಿನ ಮಟ್ಟದಲ್ಲಿ, ಸಾಗಣೆ ಇನ್ನೊಂದು ಕಡೆ. ‘ವೇತನ’ ಎಂಬ ಫೋಲ್ಡರಿನೊಳಗೆ ಹಾಕಿದೆವು, ಇನ್ನು ಬೇರೆಯವರಿಗೆ ಕಾಣದು ಎಂದು ನಂಬಿ ಕೂತ ತಂಡಗಳು ಇದರಿಂದಲೇ ಮೋಸಹೋಗುತ್ತವೆ. ಹೊಸ ವೇದಿಕೆಯೊಂದನ್ನು ಕೈಗೆತ್ತಿಕೊಂಡವರು ಮೊದಲು ಕೇಳಬೇಕಾದ್ದು ಫೋಲ್ಡರ್ ಮಾಡುವುದು ಹೇಗೆಂದಲ್ಲ, ಇಲ್ಲಿ ಫೋಲ್ಡರ್ ಯಾವುದಕ್ಕೆ ಗಡಿ ಎಂದು.

ಹಿನ್ನೆಲೆ

ಫೋಲ್ಡರ್ ಬರುವ ಮೊದಲು ಈ ಭಾರವನ್ನೆಲ್ಲ ಹೆಸರು ಹೊರುತ್ತಿತ್ತು. ಐಬಿಎಂ 1964ರಲ್ಲಿ ಪ್ರಕಟಿಸಿದ ಸಿಸ್ಟಮ್ 360 ಸಾಲಿನ ಮೇನ್‌ಫ್ರೇಮ್‌ಗಳಲ್ಲಿ ಜಾಬ್‌ನ, ಅಂದರೆ ಓಡಿಸುವ ಕೆಲಸದ, ಹೆಸರಿಗೆ 8 ಅಕ್ಷರಗಳ ಮಿತಿ ಇತ್ತು. ಜಾಬ್‌ಗಳ ಆದೇಶಪಟ್ಟಿಗಳನ್ನು ಇಡುತ್ತಿದ್ದ ಲೈಬ್ರರಿಗಳಲ್ಲಿ ಒಳ ಹಂತಗಳೇ ಇರಲಿಲ್ಲ. ಅಲ್ಲಿಯೂ ಒಳಗಿನ ಪ್ರತಿ ಪಟ್ಟಿಯ ಹೆಸರಿಗೆ 8 ಅಕ್ಷರವೇ. ಹಾಗಾಗಿ ಮೊದಲ ಎರಡು ಮೂರು ಅಕ್ಷರ ಯಾವ ಅಪ್ಲಿಕೇಷನ್ ಎಂದೂ ಮುಂದಿನದು ದಿನದ್ದೋ ತಿಂಗಳದ್ದೋ ಎಂದೂ ಹೇಳುವ ಪದ್ಧತಿ ಬೆಳೆಯಿತು. 1976ರಲ್ಲಿ ಬಂದ ಐಬಿಎಂನ ರ‍್ಯಾಕ್‌ಎಫ್ ಎಂಬ ಭದ್ರತಾ ತಂತ್ರಾಂಶ ಡೇಟಾಸೆಟ್‌ನ ಹೆಸರನ್ನೇ ಹಿಡಿದು ಅನುಮತಿ ಕೊಡುತ್ತಿತ್ತು. ಹೆಸರಿನ ಮುಂಭಾಗ ಅಲ್ಲಿ ನಿಜವಾಗಿಯೂ ಬೇಲಿ.

ಡೈರೆಕ್ಟರಿಯೊಳಗೆ ಡೈರೆಕ್ಟರಿ ಇಡಬಹುದಾದ ಮರದಂಥ ರಚನೆಯನ್ನು ಮಲ್ಟಿಕ್ಸ್ ಕಾರ್ಯವ್ಯವಸ್ಥೆಗಾಗಿ ಆರ್. ಸಿ. ಡೇಲಿ ಮತ್ತು ಪಿ. ಜಿ. ನ್ಯೂಮನ್ 1965ರ ಪ್ರಬಂಧದಲ್ಲಿ ವಿವರಿಸಿದರು. ಯುನಿಕ್ಸ್ ಅದನ್ನೇ ಎತ್ತಿಕೊಂಡಿತು. ಪರದೆಯ ಮೇಲೆ ಫೋಲ್ಡರಿನ ಚಿತ್ರ ಕಂಡದ್ದು 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿನಲ್ಲಿ.

ಯುನಿಕ್ಸ್‌ನ ಕ್ರಾನ್, ಗೊತ್ತುಮಾಡಿದ ವೇಳೆಗೆ ಕೆಲಸ ಓಡಿಸುವ ಪುಟ್ಟ ಸೇವೆ, ಇಂದಿನ ಎಲ್ಲ ಆಟೊಮೇಷನ್ ವೇದಿಕೆಗಳ ಅಜ್ಜ. ಪೌಲ್ ವಿಕ್ಸಿ 1987ರಲ್ಲಿ ಬರೆದ ಆವೃತ್ತಿಯ ವಂಶಸ್ಥರು ಈಗಲೂ ಲಿನಕ್ಸ್ ಸರ್ವರ್‌ಗಳಲ್ಲಿ ದುಡಿಯುತ್ತಿದ್ದಾರೆ. ಡೆಬಿಯನ್ ಮತ್ತು ಉಬುಂಟು ಸರ್ವರ್‌ಗಳಲ್ಲಿ ‘ಕ್ರಾನ್ ಡಾಟ್ ಡೈಲಿ’ ಎಂಬ ಡೈರೆಕ್ಟರಿಯಿದೆ. ಅದರೊಳಗೆ ಹಾಕಿದ ಸ್ಕ್ರಿಪ್ಟ್ ದಿನಕ್ಕೊಮ್ಮೆ ಓಡುತ್ತದೆ. ಆದರೆ ಕಡತದ ಹೆಸರಿನಲ್ಲಿ ಚುಕ್ಕಿ ಇದ್ದರೆ ಓಡುವುದಿಲ್ಲ. ‘ಬ್ಯಾಕಪ್’ ಎಂದು ಹೆಸರಿಟ್ಟರೆ ಓಡುತ್ತದೆ, ‘ಬ್ಯಾಕಪ್ ಡಾಟ್ ಎಸ್‌ಎಚ್’ ಎಂದಿಟ್ಟರೆ ಇಲ್ಲ. ತಪ್ಪು ಸಂದೇಶವೂ ಬಾರದು. ಅರ್ಧ ಬರೆದಿಟ್ಟ, ತಾತ್ಕಾಲಿಕ, ಹಳೆಯ ಪ್ರತಿಗಳು ಗೊತ್ತಿಲ್ಲದೆ ಓಡಬಾರದು ಎಂಬ ಒಳ್ಳೆಯ ಉದ್ದೇಶದ ನಿಯಮ ಅದು. ಬ್ಯಾಕಪ್ ಇದೆ ಎಂದು ತಿಂಗಳುಗಟ್ಟಲೆ ನೆಮ್ಮದಿಯಾಗಿದ್ದು, ಡಿಸ್ಕ್ ಕೆಟ್ಟ ದಿನ ನಿಯಮ ಕಲಿತ ನಿರ್ವಾಹಕರು ಮಾತ್ರ ಅದನ್ನು ಹೊಗಳುವುದಿಲ್ಲ.

ನಂತರದ ಸಾಧನಗಳು ಕೆಲಸಗಳನ್ನು ಜೋಡಿಸಿಡುವ ತೊಡಕನ್ನು ಒಂದೊಂದು ಬಗೆಯಲ್ಲಿ ಬಿಡಿಸಿಕೊಂಡವು. ಸನ್ ಮೈಕ್ರೊಸಿಸ್ಟಮ್ಸ್‌ನಲ್ಲಿ ಕೊಹ್‌ಸುಕೆ ಕವಾಗುಚಿ ಕಟ್ಟಿದ, ಜಾಬ್‌ಗಳನ್ನು ಓಡಿಸುವ ಹಡ್ಸನ್ ಎಂಬ ಸಾಧನ 2011ರಲ್ಲಿ ಜೆಂಕಿನ್ಸ್ ಎಂದು ಹೆಸರು ಬದಲಿಸಿಕೊಂಡಿತು. ಅದರಲ್ಲಿ ಜಾಬ್‌ಗಳು ಒಂದೇ ಉದ್ದನೆಯ ಪಟ್ಟಿಯಾಗಿದ್ದವು. ಫೋಲ್ಡರ್ ಪ್ಲಗಿನ್ ಬಂದ ಮೇಲೆ ಎರಡು ಫೋಲ್ಡರ್‌ಗಳಲ್ಲಿ ಒಂದೇ ಹೆಸರಿನ ಜಾಬ್ ಇಡುವುದು, ಪಾಸ್‌ವರ್ಡನ್ನು ಒಂದು ಫೋಲ್ಡರಿಗಷ್ಟೇ ಸೀಮಿತಗೊಳಿಸುವುದು ಸಾಧ್ಯವಾಯಿತು. ಏರ್‌ಬಿಎನ್‌ಬಿಯಲ್ಲಿ ಮ್ಯಾಕ್ಸಿಮ್ ಬೊಷ್‌ಮಿನ್ 2014ರಲ್ಲಿ ಆರಂಭಿಸಿದ ಏರ್‌ಫ್ಲೋದಲ್ಲಿ ಪೈಥಾನ್ ಕಡತಗಳನ್ನು ಎಷ್ಟು ಆಳದ ಉಪಡೈರೆಕ್ಟರಿಯಲ್ಲಿ ಬೇಕಾದರೂ ಇಡಬಹುದು, ಆದರೆ ಪರದೆಯಲ್ಲಿ ಅವೆಲ್ಲ ಒಂದೇ ಪಟ್ಟಿಯಾಗಿ ಕಾಣುತ್ತವೆ. ಬೇರ್ಪಡಿಸಲು ಟ್ಯಾಗ್‌ಗಳೇ ಗತಿ. ಪ್ರತಿ ಡ್ಯಾಗ್‌ನ ಗುರುತುಪದ ಇಡೀ ವ್ಯವಸ್ಥೆಯಲ್ಲಿ ಬೇರೆಯೇ ಇರಬೇಕು. ಬೇರೆ ಬೇರೆ ಡೈರೆಕ್ಟರಿಯಲ್ಲಿದ್ದರೂ ಒಂದೇ ಗುರುತುಪದದ ಎರಡು ಡ್ಯಾಗ್ ಬಂದರೆ ಗೊಂದಲ ಖಚಿತ. ಗಿಟ್‌ಹಬ್ ಆಕ್ಷನ್ಸ್ ಇನ್ನೂ ಬಿಗಿ: ವರ್ಕ್‌ಫ್ಲೋ ಕಡತಗಳು ರೆಪಾಸಿಟರಿಯ ಒಂದು ನಿಗದಿತ ಡೈರೆಕ್ಟರಿಯಲ್ಲೇ ಇರಬೇಕು, ಅದರೊಳಗೆ ಉಪಡೈರೆಕ್ಟರಿ ಮಾಡಿದರೆ ಅದು ಓದುವುದೇ ಇಲ್ಲ. ಅರುವತ್ತು ವರ್ಷದ ಹಿಂದಿನ ಮೇನ್‌ಫ್ರೇಮ್ ತಂತ್ರ, ಅಂದರೆ ಹೆಸರಿನ ಮುಂದೆ ಗುಂಪಿನ ಗುರುತು ಅಂಟಿಸುವುದು, ಅಲ್ಲಿ ಹಾಗೇ ಉಳಿದುಕೊಂಡಿದೆ.

ಯುಐಪಾತ್ ಆರ್ಕೆಸ್ಟ್ರೇಟರ್

ಫೋಲ್ಡರ್ ವಿಚಾರವನ್ನು ಅತಿ ಗಂಭೀರವಾಗಿ ತೆಗೆದುಕೊಂಡ ವೇದಿಕೆಗಳಲ್ಲಿ ಯುಐಪಾತ್ ಒಂದು. 2005ರಲ್ಲಿ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಹುಟ್ಟಿದ ಈ ಕಂಪನಿಗೆ ಬೆಂಗಳೂರಿನಲ್ಲಿಯೂ ಕಚೇರಿಯಿದೆ. ಇದರಲ್ಲಿ ‘ಪ್ರಾಜೆಕ್ಟ್’ ಎಂಬುದು ಸ್ಟುಡಿಯೊ ಎಂಬ ತಂತ್ರಾಂಶದಲ್ಲಿ ಡೆವಲಪರ್ ಕಟ್ಟುವ ಘಟಕ. ಅದನ್ನು ಪ್ಯಾಕೇಜ್ ಮಾಡಿ ಆರ್ಕೆಸ್ಟ್ರೇಟರ್ ಎಂಬ ಕೇಂದ್ರ ಸರ್ವರ್‌ಗೆ ಕಳಿಸುತ್ತಾರೆ. ಅಲ್ಲಿ ಯಾವುದಾದರೂ ಫೋಲ್ಡರಿನಲ್ಲಿ ಪ್ಯಾಕೇಜಿನಿಂದ ಪ್ರೊಸೆಸ್ ಸೃಷ್ಟಿಸುತ್ತಾರೆ. ಒಂದೇ ಪ್ಯಾಕೇಜನ್ನು ಮೂರು ಫೋಲ್ಡರ್‌ಗಳಲ್ಲಿ ಮೂರು ಪ್ರೊಸೆಸ್‌ಗಳಾಗಿ, ಬೇರೆ ಬೇರೆ ಆವೃತ್ತಿಗಳಲ್ಲಿ ಓಡಿಸಬಹುದು. ‘ಅಸೆಟ್’ ಎಂಬುದಕ್ಕೆ ಇಲ್ಲಿ ವಿಶೇಷ ಅರ್ಥವಿದೆ: ಪಠ್ಯ, ಸಂಖ್ಯೆ, ಹೌದು-ಅಲ್ಲ ಮೌಲ್ಯ ಅಥವಾ ಬಳಕೆದಾರ ಹೆಸರು-ಪಾಸ್‌ವರ್ಡ್ ಜೋಡಿಯನ್ನು ಪ್ರೊಸೆಸ್‌ನ ಹೊರಗೆ ಹೆಸರಿಟ್ಟು ಕಾದಿಡುವುದು. ಸರ್ವರ್‌ನ ವಿಳಾಸ ಬದಲಾದರೆ ಅಸೆಟ್ ಒಂದನ್ನು ತಿದ್ದಿದರೆ ಸಾಕು, ಪ್ಯಾಕೇಜನ್ನು ಮತ್ತೆ ಕಟ್ಟಬೇಕಿಲ್ಲ.

ಹಳೆಯ ಪದ್ಧತಿಯಲ್ಲಿ, ಪ್ರೊಸೆಸ್ ಓಡಿಸುವ ರೋಬಾಟ್‌ಗಳನ್ನು ಫೋಲ್ಡರಿನೊಳಗೆ ಎನ್ವಿರಾನ್‌ಮೆಂಟ್ ಎಂಬ ಗುಂಪುಗಳಾಗಿ ಕಟ್ಟಬೇಕಿತ್ತು. 2019ರ ಅಕ್ಟೋಬರ್ ಆವೃತ್ತಿಯಲ್ಲಿ ‘ಮಾಡರ್ನ್ ಫೋಲ್ಡರ್’ ಬಂದಿತು. ಬಳಕೆದಾರರನ್ನೂ ಯಂತ್ರಗಳನ್ನೂ ಫೋಲ್ಡರಿಗೆ ಸೇರಿಸಿ ಪಾತ್ರ ಕೊಟ್ಟರಾಯಿತು. ಮುಂದೆ ಉಪಫೋಲ್ಡರ್‌ಗಳೂ ಬಂದವು. ಮೇಲಿನ ಫೋಲ್ಡರಿನಲ್ಲಿ ಪ್ರವೇಶ ಪಡೆದವರಿಗೆ ಕೆಳಗಿನದರಲ್ಲಿಯೂ ಪ್ರವೇಶ ಸಿಗುತ್ತದೆ. ಅಂದರೆ ಮೇಲ್ಮಟ್ಟದಲ್ಲಿ ಧಾರಾಳವಾಗಿ ಕೊಟ್ಟ ಅನುಮತಿಯನ್ನು ಕೆಳಗೆ ಕಿತ್ತುಕೊಳ್ಳಲಾಗದು. ಗುಟ್ಟಿನ ವಿಷಯಗಳನ್ನು ಮರದ ತುದಿಯಲ್ಲಿ ಅಡಗಿಸುವ ಬದಲು ಪ್ರತ್ಯೇಕ ಬೇರಿನಲ್ಲೇ ಇಡಬೇಕೆಂಬ ಸಲಹೆ ಇದರಿಂದ ಹುಟ್ಟಿದ್ದು.

ಹೊಸಬರು ಎಡವುವ ಜಾಗ ಇನ್ನೊಂದಿದೆ. ಜನರ ಅನುಮತಿ ಕೆಳಗಿಳಿಯುತ್ತದೆ, ವಸ್ತುಗಳು ಇಳಿಯುವುದಿಲ್ಲ. ‘ಲೆಕ್ಕಪತ್ರ’ ಎಂಬ ಫೋಲ್ಡರಿನಲ್ಲಿ ಸ್ಯಾಪ್ ಎಂಬ ತಂತ್ರಾಂಶದ ಲಾಗಿನ್‌ನ ಅಸೆಟ್ ಇಟ್ಟು, ಅದರ ಉಪಫೋಲ್ಡರಾದ ‘ಇನ್‌ವಾಯ್ಸ್’ನಲ್ಲಿ ಪ್ರೊಸೆಸ್ ಓಡಿಸಿದಿರಿ ಎನ್ನಿ. ಪ್ರೊಸೆಸ್ ತಾನಿರುವ ಫೋಲ್ಡರಿನಲ್ಲೇ ಅಸೆಟ್ ಹುಡುಕಿ, ಸಿಗಲಿಲ್ಲ ಎಂದು ನಿಲ್ಲುತ್ತದೆ. ಅಪ್ಪನ ಮನೆಯಲ್ಲಿದೆ ಎಂದು ಅದಕ್ಕೆ ತೋಚುವುದಿಲ್ಲ. ಇದಕ್ಕೆ ಎರಡು ದಾರಿ. ಅಸೆಟನ್ನು ಎರಡೂ ಫೋಲ್ಡರ್‌ಗಳಿಗೆ ಲಿಂಕ್ ಮಾಡಬಹುದು. ಆಗ ವಸ್ತು ಒಂದೇ, ತಾವು ಎರಡು. ಇಲ್ಲವೇ ಪ್ರೊಸೆಸ್‌ನೊಳಗಿನ ಹಂತದಲ್ಲಿ ಫೋಲ್ಡರಿನ ಪೂರ್ತಿ ದಾರಿ ಬರೆಯಬಹುದು. ಎರಡನೆಯದು ಸುಲಭವೆಂದು ಕಂಡರೂ ನಾಳೆ ಯಾರಾದರೂ ಫೋಲ್ಡರಿನ ಹೆಸರು ತಿದ್ದಿದರೆ ಆ ದಾರಿ ಮುಚ್ಚಿಹೋಗುತ್ತದೆ. ಮೊದಲನೆಯದೇ ಮೇಲು.

ಪ್ರತಿ ಡೆವಲಪರ್‌ಗೆ ಪರ್ಸನಲ್ ವರ್ಕ್‌ಸ್ಪೇಸ್ ಎಂಬ ಸ್ವಂತ ಜಾಗವೂ ಇದರಲ್ಲಿದೆ. ಪ್ರಯೋಗಕ್ಕೆ ಮಾಡಿಕೊಂಡದ್ದು ಯಶಸ್ವಿಯಾಗಿ ಇಡೀ ವಿಭಾಗವೇ ಅದನ್ನು ನಂಬಿಕೊಂಡಾಗ ನಿರ್ವಾಹಕರು ಆ ವರ್ಕ್‌ಸ್ಪೇಸನ್ನು ಸಾಮಾನ್ಯ ಫೋಲ್ಡರಾಗಿ ಪರಿವರ್ತಿಸಬಹುದು.

ಪವರ್ ಆಟೊಮೇಟ್‌ನ ಸಲ್ಯೂಷನ್

2016ರಲ್ಲಿ ಮೈಕ್ರೊಸಾಫ್ಟ್ ಫ್ಲೋ ಎಂದು ಬಂದು 2019ರ ನವೆಂಬರ್‌ನಲ್ಲಿ ಪವರ್ ಆಟೊಮೇಟ್ ಎಂದು ಹೆಸರು ಬದಲಿಸಿಕೊಂಡ ಈ ವೇದಿಕೆಯಲ್ಲಿ ಫ್ಲೋ ಮೂಲತಃ ವ್ಯಕ್ತಿಯದು. ‘ನನ್ನ ಫ್ಲೋಗಳು’ ಎಂಬ ಪುಟದಲ್ಲಿ ಕಟ್ಟಿದ್ದು ಕಟ್ಟಿದವರ ಹೆಸರಿನಲ್ಲಿರುತ್ತದೆ, ಅವರ ಕನೆಕ್ಷನ್‌ನಿಂದಲೇ ಓಡುತ್ತದೆ. ಅವರು ಕೆಲಸ ಬಿಟ್ಟರೆ ಫ್ಲೋ ಅನಾಥ. ಆ ದಿನವೇ ನಿಲ್ಲಬೇಕೆಂದೇನಿಲ್ಲ. ಅವರ ಖಾತೆಯ ಟೋಕನ್ ನಡೆಯುವ ತನಕ ಓಡುತ್ತಿದ್ದು, ಎಲ್ಲರೂ ಮರೆತ ಮೇಲೆ ನಿಲ್ಲಬಹುದು. ನಿರ್ವಾಹಕರು ಬೇರೆಯವರನ್ನು ಸಹಮಾಲೀಕರನ್ನಾಗಿ ಸೇರಿಸಿ ಸರಿಪಡಿಸಬಹುದು, ಆದರೆ ಅಂಥ ಫ್ಲೋ ಇದೆ ಎಂದು ಮೊದಲು ತಿಳಿಯಬೇಕಲ್ಲ.

ಇದಕ್ಕೆ ಉತ್ತರವಾಗಿ ಇರುವುದು ‘ಸಲ್ಯೂಷನ್’. ಇದು ಫೋಲ್ಡರಲ್ಲ, ಸಾಗಣೆಯ ಪೆಟ್ಟಿಗೆ. ಫ್ಲೋ, ಆ್ಯಪ್, ಕೋಷ್ಟಕ ಎಲ್ಲವೂ ಇದರೊಳಗೆ ಸೇರುತ್ತವೆ. ಕನೆಕ್ಷನ್ ಮಾತ್ರ ಸೇರುವುದಿಲ್ಲ. ಅದರ ಬದಲು ‘ಕನೆಕ್ಷನ್ ರೆಫರೆನ್ಸ್’ ಎಂಬ ಖಾಲಿ ಗೂಟ ಹೋಗುತ್ತದೆ. ಹೊಸ ಜಾಗದಲ್ಲಿ ಪೆಟ್ಟಿಗೆ ಬಿಚ್ಚುವವರು ಆ ಗೂಟಕ್ಕೆ ಅಲ್ಲಿಯ ಕನೆಕ್ಷನ್ ಕಟ್ಟುತ್ತಾರೆ. ವಿಳಾಸ, ಮಿತಿಗಳಂಥ ಬದಲಾಗುವ ಮೌಲ್ಯಗಳಿಗೆ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಿವೆ. ಅವುಗಳ ಸದ್ಯದ ಮೌಲ್ಯವನ್ನು ಪೆಟ್ಟಿಗೆಯಿಂದ ತೆಗೆಯದೆ ಕಳಿಸಿದರೆ ಪರೀಕ್ಷೆಯ ವಿಳಾಸವೂ ಜೊತೆಗೇ ಪ್ರಯಾಣ ಮಾಡಿ, ನಿಜವಾದ ಆದೇಶಗಳು ಪರೀಕ್ಷೆಯ ಪಟ್ಟಿಗೆ ಹೋಗಿ ಬೀಳುತ್ತವೆ. ಪ್ರತಿ ಸಲ್ಯೂಷನ್‌ಗೂ ಪಬ್ಲಿಷರ್ ಇರಬೇಕು. ಪಬ್ಲಿಷರ್‌ನ 2ರಿಂದ 8 ಅಕ್ಷರಗಳ ಗುರುತು ಒಳಗಿನ ವಸ್ತುಗಳ ಹೆಸರಿನ ಮುಂದೆ ಅಂಟಿಕೊಳ್ಳುತ್ತದೆ.

ಸಲ್ಯೂಷನ್‌ಗಳಲ್ಲಿ ಎರಡು ಬಗೆ. ಕಟ್ಟುವ ಜಾಗದಲ್ಲಿ ತಿದ್ದಲು ತೆರೆದಿರುವ ಅನ್‌ಮ್ಯಾನೇಜ್ಡ್, ಬಳಕೆಯ ಜಾಗದಲ್ಲಿ ಬಂದಂತೆಯೇ ಬಳಸುವ ಮ್ಯಾನೇಜ್ಡ್ ಇರಬೇಕೆಂಬುದು ಮೈಕ್ರೊಸಾಫ್ಟ್‌ನ ಸಲಹೆ. ತುರ್ತಿನಲ್ಲಿ ಯಾರೋ ಬಳಕೆಯ ಜಾಗದಲ್ಲೇ ಫ್ಲೋ ತಿದ್ದಿದರೆ ಮ್ಯಾನೇಜ್ಡ್ ಪದರದ ಮೇಲೆ ಅನ್‌ಮ್ಯಾನೇಜ್ಡ್ ಪದರವೊಂದು ಕೂರುತ್ತದೆ. ಆಮೇಲೆ ಎಷ್ಟು ಹೊಸ ಆವೃತ್ತಿ ತಂದು ಹಾಕಿದರೂ ಮೇಲಿನ ಪದರವೇ ಓಡುತ್ತದೆ. ಇಂಪೋರ್ಟ್ ಯಶಸ್ವಿ ಎಂದು ಪರದೆ ಹೇಳುತ್ತದೆ, ನಡವಳಿಕೆ ಮಾತ್ರ ಹಳೆಯದೇ. ಆ ಪದರವನ್ನು ಹುಡುಕಿ ತೆಗೆದರೆ ಮಾತ್ರ ಬಿಡುಗಡೆ.

ಇತರ ವೇದಿಕೆಗಳು

2013ರಲ್ಲಿ ಸ್ಥಾಪನೆಯಾದ ವರ್ಕಾಟೊದಲ್ಲಿ ಪ್ರಾಜೆಕ್ಟ್ ಮೇಲ್ಮಟ್ಟದ ಡಬ್ಬಿ, ಫೋಲ್ಡರ್‌ಗಳು ಅದರೊಳಗಿನವು. ರೆಸಿಪಿ, ಕನೆಕ್ಷನ್, ಲುಕಪ್ ಟೇಬಲ್ ಮುಂತಾದವನ್ನು ಪ್ಯಾಕೇಜ್ ಮಾಡಿ ಒಂದು ಪರಿಸರದಿಂದ ಇನ್ನೊಂದಕ್ಕೆ ಒಯ್ಯಬಹುದು; ಕನೆಕ್ಷನ್‌ನ ಹೆಸರು ಹೋಗುತ್ತದೆ, ಅದರ ಪಾಸ್‌ವರ್ಡ್ ಹೋಗುವುದಿಲ್ಲ. ಇಂಟೆಗ್ರೊಮ್ಯಾಟ್ ಎಂಬ ಹೆಸರಿನಲ್ಲಿ ಜೆಕ್ ಗಣರಾಜ್ಯದಲ್ಲಿ ಆರಂಭವಾಗಿ 2022ರಲ್ಲಿ ಮೇಕ್ ಆದ ವೇದಿಕೆಯಲ್ಲಿ ಸಿನಾರಿಯೊಗಳಿಗೆ ಫೋಲ್ಡರ್ ಇದ್ದರೂ ಕನೆಕ್ಷನ್‌ಗಳು ಟೀಮ್‌ಗೆ ಸೇರಿದವು. ಬರ್ಲಿನ್‌ನಲ್ಲಿ ಯಾನ್ ಓಬರ್‌ಹೌಸರ್ 2019ರಲ್ಲಿ ಆರಂಭಿಸಿದ ಎನ್‌ಏಟ್‌ಎನ್‌ನಲ್ಲಿ ಮೊದಲು ಎಲ್ಲವೂ ಒಂದೇ ಪಟ್ಟಿ, ಬೇಕಾದರೆ ಟ್ಯಾಗ್. 2024ರಲ್ಲಿ ಪ್ರಾಜೆಕ್ಟ್‌ಗಳೂ 2025ರಲ್ಲಿ ಫೋಲ್ಡರ್‌ಗಳೂ ಬಂದವು. ಅನುಮತಿಯ ಗಡಿ ಪ್ರಾಜೆಕ್ಟೇ, ಫೋಲ್ಡರ್ ಬರೀ ಜೋಡಣೆಗೆ. ಪ್ರಾಜೆಕ್ಟ್ ಅಳಿಸಹೊರಟರೆ ಒಳಗಿನ ವರ್ಕ್‌ಫ್ಲೋಗಳನ್ನು ಬೇರೆಡೆಗೆ ವರ್ಗಾಯಿಸಲೋ ಒಟ್ಟಿಗೆ ಅಳಿಸಲೋ ಎಂದು ಅದು ಕೇಳುತ್ತದೆ. ಸ್ವಂತ ಸರ್ವರ್‌ನಲ್ಲಿ ಇದನ್ನು ನಡೆಸುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಪಾಸ್‌ವರ್ಡ್‌ಗಳನ್ನು ಡೇಟಾಬೇಸಿನಲ್ಲಿ ಒಂದು ಎನ್‌ಕ್ರಿಪ್ಷನ್ ಕೀಯಿಂದ ಗೂಢಲಿಪಿ ಮಾಡಿ ಇಟ್ಟಿರುತ್ತದೆ. ಡೇಟಾಬೇಸ್ ಒಯ್ದು ಕೀ ಮರೆತರೆ ವರ್ಕ್‌ಫ್ಲೋ ಎಲ್ಲ ಕಾಣುತ್ತವೆ, ಒಂದೂ ಲಾಗಿನ್ ಆಗುವುದಿಲ್ಲ.



ವಿಭಾಗವೋ, ಪ್ರಕ್ರಿಯೆಯೋ

ಮೇಲ್ಮಟ್ಟದ ಫೋಲ್ಡರ್‌ಗಳನ್ನು ಯಾವ ಆಧಾರದ ಮೇಲೆ ಮಾಡಬೇಕು? ಹೆಚ್ಚಿನ ಸಂಸ್ಥೆಗಳು ಯೋಚಿಸದೆ ತಮ್ಮ ವಿಭಾಗಗಳ ಪಟ್ಟಿಯನ್ನೇ ಇಳಿಸಿಬಿಡುತ್ತವೆ: ಮಾನವ ಸಂಪನ್ಮೂಲ, ಲೆಕ್ಕಪತ್ರ, ಮಾರಾಟ, ಐಟಿ. ಒಂದು ವ್ಯವಸ್ಥೆಯನ್ನು ವಿನ್ಯಾಸ ಮಾಡುವ ಸಂಸ್ಥೆ ತನ್ನ ಒಳಗಿನ ಸಂವಹನದ ರೂಪವನ್ನೇ ಅದರಲ್ಲಿ ಅಚ್ಚೊತ್ತುತ್ತದೆ ಎಂದು ಮೆಲ್ವಿನ್ ಕಾನ್ವೆ 1968ರಲ್ಲಿ ಹೇಳಿದ್ದು ಫೋಲ್ಡರ್‌ಗಳಿಗೂ ಹೊಂದುತ್ತದೆ. ತೊಂದರೆಯೆಂದರೆ ವಿಭಾಗಗಳು ನಿಲ್ಲುವುದಿಲ್ಲ. ಮರುಸಂಘಟನೆಯಾದಾಗಲೆಲ್ಲ ಫೋಲ್ಡರ್ ಮುರಿದು ಕಟ್ಟಬೇಕಾಗುತ್ತದೆ, ಹಾಗೆ ಸರಿಸಿದಾಗಲೆಲ್ಲ ಹೆಸರು ಹಿಡಿದು ಕರೆಯುವ ಕೊಂಡಿಗಳು ಕಡಿಯುತ್ತವೆ. ಮೇಲಾಗಿ ಹೊಸ ನೌಕರರನ್ನು ಸೇರಿಸಿಕೊಳ್ಳುವಂಥ ಕೆಲಸ ಒಂದು ವಿಭಾಗದ್ದಲ್ಲ. ನೇಮಕಾತಿ ಪತ್ರ ಮಾನವ ಸಂಪನ್ಮೂಲದಿಂದ, ಲ್ಯಾಪ್‌ಟಾಪ್ ಐಟಿಯಿಂದ, ಸಂಬಳದ ಖಾತೆ ಲೆಕ್ಕಪತ್ರದಿಂದ ಬರಬೇಕು.

ಪ್ರಕ್ರಿಯೆಗೊಂದು ಪ್ರಾಜೆಕ್ಟ್ ಮಾಡುವುದು ಹೆಚ್ಚು ಬಾಳಿಕೆಯ ದಾರಿ. ‘ನೌಕರರ ಸೇರ್ಪಡೆ’ ಎಂಬ ಪ್ರಾಜೆಕ್ಟಿನಲ್ಲಿ ಆ ಕೆಲಸದ ಎಲ್ಲ ವರ್ಕ್‌ಫ್ಲೋಗಳಿದ್ದರೆ ಅದನ್ನು ಹಾಗೇ ಎತ್ತಿ ಸಾಗಿಸಬಹುದು, ಹಾಗೇ ಮುಚ್ಚಬಹುದು. ಆದರೆ ಇದೂ ಪೂರ್ತಿ ಉತ್ತರವಲ್ಲ. ಸಂಬಳದ ಖಾತೆಯ ಪಾಸ್‌ವರ್ಡ್ ಐಟಿಯವರ ಕೈಗೆ ಸಿಗಬಾರದು. ಅಧಿಕಾರದ ಗಡಿ ಪ್ರಕ್ರಿಯೆಯ ಗಡಿಯ ಜೊತೆ ಕೂಡುವುದಿಲ್ಲ. ಅಂಥ ಕಡೆ ಸೂಕ್ಷ್ಮ ಭಾಗವನ್ನು ಲೆಕ್ಕಪತ್ರದವರ ಪ್ರಾಜೆಕ್ಟಿನಲ್ಲಿ ಚಿಕ್ಕ ವರ್ಕ್‌ಫ್ಲೋ ಆಗಿ ಇಟ್ಟು, ಹೊರಗಿನವರಿಗೆ ಅದನ್ನು ಕರೆಯುವ ಹಕ್ಕನ್ನಷ್ಟೇ ಕೊಡುತ್ತಾರೆ, ಒಳಗೆ ನೋಡುವ ಹಕ್ಕನ್ನಲ್ಲ.

ಎಲ್ಲರಿಗೂ ಬೇಕಾದ ವಸ್ತುಗಳಿಗೆಂದು ‘ಕಾಮನ್’ ಎಂಬ ಫೋಲ್ಡರ್ ಪ್ರತಿ ಸಂಸ್ಥೆಯಲ್ಲೂ ಹುಟ್ಟುತ್ತದೆ. ಮೊದಲ ವರ್ಷ ಅದರಲ್ಲಿ ದೋಷ ತಿಳಿಸುವ ಒಂದು ವರ್ಕ್‌ಫ್ಲೋ, ದಿನಾಂಕ ಬದಲಿಸುವ ಇನ್ನೊಂದು ಇರುತ್ತವೆ. ಮೂರನೆಯ ವರ್ಷ ಯಾರದೆಂದು ಗೊತ್ತಿಲ್ಲದ್ದೆಲ್ಲ ಅಲ್ಲಿಗೇ ಬಂದು ಬಿದ್ದಿರುತ್ತದೆ. ಮಾಲೀಕರ ಹೆಸರಿಲ್ಲದೆ ಅದರೊಳಗೆ ಏನನ್ನೂ ಬಿಡದಿರುವುದು ಒಂದೇ ಮದ್ದು.

ಹೆಸರಿಡುವುದು

ಫೋಲ್ಡರ್ ಎಷ್ಟೇ ಚೆನ್ನಾಗಿದ್ದರೂ ದೋಷದ ವರದಿಯಲ್ಲಿ, ಮಧ್ಯರಾತ್ರಿ ಬರುವ ಇಮೇಲ್‌ನಲ್ಲಿ ಕಾಣುವುದು ವರ್ಕ್‌ಫ್ಲೋದ ಹೆಸರು ಮಾತ್ರ. ‘ಹೊಸ ಫ್ಲೋ 3’, ‘ಟೆಸ್ಟ್ ಫೈನಲ್ ಕಾಪಿ’ ಎಂಬ ಹೆಸರುಗಳಿಂದ ರಾತ್ರಿಪಾಳಿಯ ಸಪೋರ್ಟ್ ಎಂಜಿನಿಯರ್‌ಗೆ ಏನೂ ತಿಳಿಯದು. ಹೆಸರೇ ಮಾತಾಡಬೇಕೆಂಬುದು ಕರ್ನಾಟಕ ಸಚಿವಾಲಯದ ಕಡತ ನೋಡಿದವರಿಗೆ ಹೊಸತಲ್ಲ. ಸಂಖ್ಯೆ ‘ಆಇ’ ಎಂದು ಶುರುವಾದರೆ ಆರ್ಥಿಕ ಇಲಾಖೆ, ‘ಕಂಇ’ ಎಂದಾದರೆ ಕಂದಾಯ ಇಲಾಖೆ. ಆಮೇಲೆ ಕ್ರಮಸಂಖ್ಯೆ, ವಿಷಯದ ಇಲ್ಲವೇ ಶಾಖೆಯ ಕಿರು ಅಕ್ಷರಗಳು, ಕೊನೆಗೆ ವರ್ಷ. ಕಡತ ಬಿಚ್ಚದೆಯೇ ಅದು ಯಾವ ಮೇಜಿನದೆಂದು ಹೇಳಬಹುದು. ಆಟೊಮೇಷನ್‌ನಲ್ಲಿಯೂ ಪ್ರಕ್ರಿಯೆ, ಮೂಲ ತಂತ್ರಾಂಶ, ಮಾಡುವ ಕ್ರಿಯೆ ಎಂಬ ಕ್ರಮದಲ್ಲಿ ಹೆಸರಿಟ್ಟರೆ ಸಾಲುತ್ತದೆ. ಆವೃತ್ತಿ ಸಂಖ್ಯೆಯನ್ನು ಹೆಸರಿನಲ್ಲಿ ಸೇರಿಸಬಾರದು. ಅದಕ್ಕೆ ವೇದಿಕೆಯಲ್ಲೇ ಇತಿಹಾಸವಿರುತ್ತದೆ, ಮತ್ತು ಹೆಸರು ಬದಲಾದರೆ ಕೊಂಡಿ ಕಡಿಯುತ್ತದೆ.

ಡೆವ್, ಟೆಸ್ಟ್, ಪ್ರಾಡ್

ಕಟ್ಟಲು ಡೆವ್, ಪರೀಕ್ಷಿಸಲು ಟೆಸ್ಟ್, ನಿಜವಾದ ಬಳಕೆಗೆ ಪ್ರಾಡ್ ಎಂದು ಒಂದೇ ಖಾತೆಯಲ್ಲಿ ಮೂರು ಫೋಲ್ಡರ್ ಮಾಡಿಕೊಂಡು ವರ್ಕ್‌ಫ್ಲೋಗಳನ್ನು ಒಂದರಿಂದ ಇನ್ನೊಂದಕ್ಕೆ ನಕಲಿಸುವವರು ಬಹಳ. ಅಗ್ಗ, ಆದರೆ ಅಪಾಯಕಾರಿ. ನಕಲಾದ ವರ್ಕ್‌ಫ್ಲೋ ಹಳೆಯ ಕನೆಕ್ಷನ್ನನ್ನೇ ಹಿಡಿದಿರುತ್ತದೆ. ಪರೀಕ್ಷೆಗೆಂದು ಒತ್ತಿದ ಗುಂಡಿ ನಿಜವಾದ ಗ್ರಾಹಕರಿಗೆ ಇಮೇಲ್ ಕಳಿಸುವುದು ಹೀಗೆ. ಪ್ರತ್ಯೇಕ ಪರಿಸರಗಳನ್ನೇ ಇಟ್ಟು, ಪರೀಕ್ಷೆಯ ಪರಿಸರದಲ್ಲಿ ನಿಜವಾದ ಪಾಸ್‌ವರ್ಡ್ ಇಲ್ಲದಂತೆ ಮಾಡಿದರೆ ಕೈತಪ್ಪಿದರೂ ಹಾನಿಯಾಗದು. ಸಾಗಣೆಗೆ, ಕಡತಗಳ ಬದಲಾವಣೆಗಳ ದಾಖಲೆ ಇಡುವ ಗಿಟ್ ಬಳಸುವವರೂ ಹೆಚ್ಚುತ್ತಿದ್ದಾರೆ. ಚಿತ್ರದಂತೆ ಎಳೆದು ಕಟ್ಟುವ ವೇದಿಕೆಗಳಲ್ಲಿ ಅದಕ್ಕೊಂದು ಕಿರಿಕಿರಿ ಇದೆ: ಎನ್‌ಏಟ್‌ಎನ್‌ನ ಜೇಸನ್ ಕಡತದಲ್ಲಿ ಪ್ರತಿ ಹಂತದ ಪೆಟ್ಟಿಗೆ ಪರದೆಯ ಎಲ್ಲಿ ನಿಂತಿದೆ ಎಂಬುದೂ ಬರೆದಿರುವುದರಿಂದ, ಪೆಟ್ಟಿಗೆಯನ್ನು ಅತ್ತಿತ್ತ ಜರುಗಿಸಿದರೂ ಗಿಟ್ ಅದನ್ನು ಬದಲಾವಣೆ ಎಂದು ತೋರಿಸುತ್ತದೆ.

ನಿವೃತ್ತಿ

ಕಟ್ಟಲು ಇರುವ ಉತ್ಸಾಹ ತೆಗೆಯಲು ಯಾರಿಗೂ ಇರುವುದಿಲ್ಲ. ಬಳಕೆ ನಿಂತ ವರ್ಕ್‌ಫ್ಲೋವನ್ನು ಮೊದಲು ನಿಲ್ಲಿಸಿ, ‘ಹಳೆಯದು’ ಎಂಬ ಫೋಲ್ಡರಿಗೆ ಸರಿಸಿ, ಕೆಲಕಾಲ ಕಾದು, ಯಾರೂ ಕೇಳದಿದ್ದರೆ ಅಳಿಸುವುದು ರೂಢಿ. ಹಲವರು ನಿಲ್ಲಿಸದೆ ಬರೀ ಸರಿಸಿ ಸುಮ್ಮನಾಗುತ್ತಾರೆ. ಅದರ ಕನೆಕ್ಷನ್ ಜೀವಂತ, ಟ್ರಿಗರ್ ಜೀವಂತ. ಫೋಲ್ಡರಿನ ಹೆಸರು ಟ್ರಿಗರನ್ನು ತಡೆಯುವುದಿಲ್ಲ.

ಇದರ ಅತಿ ದುಬಾರಿ ಉದಾಹರಣೆ ಅಮೆರಿಕದ ಷೇರು ದಲ್ಲಾಳಿ ಸಂಸ್ಥೆ ನೈಟ್ ಕ್ಯಾಪಿಟಲ್‌ನದು. ಅದರ ಸರ್ವರ್‌ಗಳಲ್ಲಿ ಪವರ್ ಪೆಗ್ ಎಂಬ ಷೇರು ವ್ಯವಹಾರದ ಕಾರ್ಯಕ್ರಮವಿತ್ತು. 2003ರಲ್ಲೇ ಬಳಕೆ ನಿಲ್ಲಿಸಿದ್ದರೂ ಕೋಡ್ ಅಳಿಸಿರಲಿಲ್ಲ. 2012ರಲ್ಲಿ ಹೊಸ ಕೋಡ್ ಬರೆದವರು ಪವರ್ ಪೆಗ್ ಅನ್ನು ಎಬ್ಬಿಸುತ್ತಿದ್ದ ಹಳೆಯ ಫ್ಲ್ಯಾಗನ್ನೇ ಹೊಸ ಕೆಲಸಕ್ಕೆ ಬಳಸಿಕೊಂಡರು. ಎಂಟು ಸರ್ವರ್‌ಗಳ ಪೈಕಿ ಏಳಕ್ಕೆ ಹೊಸ ಕೋಡ್ ಹೋಯಿತು, ಒಂದು ಉಳಿಯಿತು. ಆಗಸ್ಟ್ 1ರ ಬೆಳಿಗ್ಗೆ ಮಾರುಕಟ್ಟೆ ತೆರೆದಾಗ ಆ ಎಂಟನೆಯ ಸರ್ವರ್‌ನಲ್ಲಿ ಪವರ್ ಪೆಗ್ ಎದ್ದು ಕೂತಿತು. ಸುಮಾರು 45 ನಿಮಿಷಗಳಲ್ಲಿ 154 ಕಂಪನಿಗಳ ಷೇರುಗಳಲ್ಲಿ 40 ಲಕ್ಷಕ್ಕೂ ಹೆಚ್ಚು ವ್ಯವಹಾರ ನಡೆದು, 46 ಕೋಟಿ ಡಾಲರಿಗೂ ಮೀರಿದ ನಷ್ಟವಾಯಿತು. ಮಾರುಕಟ್ಟೆ ತೆರೆಯುವ ಮೊದಲೇ ವ್ಯವಸ್ಥೆ ತಾನಾಗಿ 97 ಇಮೇಲ್‌ಗಳನ್ನು ನೌಕರರಿಗೆ ಕಳಿಸಿತ್ತು. ಅವುಗಳಲ್ಲಿ ಪವರ್ ಪೆಗ್‌ನ ಹೆಸರೂ ಇತ್ತು, ಆದರೆ ಅವನ್ನು ಎಚ್ಚರಿಕೆ ಎಂದು ನೋಡಬೇಕಾದ ಹೊಣೆ ಯಾರಿಗೂ ಇರಲಿಲ್ಲ. ಅಮೆರಿಕದ ಷೇರು ವಿನಿಮಯ ಆಯೋಗ 2013ರ ಅಕ್ಟೋಬರ್‌ನಲ್ಲಿ ಸಂಸ್ಥೆಗೆ 1.2 ಕೋಟಿ ಡಾಲರ್ ದಂಡ ವಿಧಿಸಿತು. ಅಷ್ಟರಲ್ಲಿ ನೈಟ್ ಕ್ಯಾಪಿಟಲ್ ಗೆಟ್ಕೊ ಎಂಬ ಇನ್ನೊಂದು ಸಂಸ್ಥೆಯೊಡನೆ ವಿಲೀನವಾಗಿತ್ತು.